ವಿಶ್ವ ಚಾಂಪಿಯನ್ ಆದರೂ ಕಾರ್ಡ್ ಇಲ್ಲ: ವೃತ್ತಿಪರ ಸ್ನೂಕರ್‌ನ ಹೊಸ್ತಿಲಲ್ಲಿ ಮಹಿಳೆಯರು

2025ರ ನವೆಂಬರ್‌ನಲ್ಲಿ ದೋಹಾದಲ್ಲಿ ಚೆನ್ನೈನ ಅನುಪಮಾ ರಾಮಚಂದ್ರನ್ ವಿಶ್ವ ಮಹಿಳಾ ಸ್ನೂಕರ್ ಪ್ರಶಸ್ತಿ ಗೆದ್ದರು. ಫೈನಲ್‌ನಲ್ಲಿ ಅವರು 3–2 ಫ್ರೇಮ್‌ಗಳಿಂದ ಸೋಲಿಸಿದ್ದು ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀ ಅವರನ್ನು. ಸುದ್ದಿ ಓದಿದವರು ಹೆಮ್ಮೆಪಟ್ಟರು. ಆದರೆ ಅದರ ಹಿಂದೆಯೇ ಒಂದು ಗೊಂದಲವೂ ಬಂತು. ಸೋತ ಆನ್ ಯೀ 2021ರಲ್ಲೇ ವೃತ್ತಿಪರ ಟೂರ್‌ನ ಕಾರ್ಡ್, ಅಂದರೆ ಅದರಲ್ಲಿ ಆಡುವ ಅರ್ಹತಾಪತ್ರ, ಪಡೆದವರು. ರೋನಿ ಓ'ಸಲಿವನ್, ಜಡ್ ಟ್ರಂಪ್ ಮುಂತಾದವರು ಆಡುವ ಸರ್ಕ್ಯೂಟ್‌ನಲ್ಲಿ ಆಡಿದವರು. ಅವರನ್ನು ಮಣಿಸಿದ ಅನುಪಮಾ ಅವರಿಗೆ ಈ ಗೆಲುವಿನಿಂದ ಆ ಕಾರ್ಡ್ ಸಿಗಲಿಲ್ಲ. ವೃತ್ತಿಪರ ಆಟಗಾರ್ತಿಯಾಗಬೇಕಿದ್ದರೆ ಅವರು ಬೇರೊಂದು ದಾರಿ ಹಿಡಿಯಬೇಕು, ಇಲ್ಲವೇ ಅರ್ಹತಾ ಟೂರ್ನಿಯಲ್ಲಿ ನೂರಾರು ಗಂಡಸರ ನಡುವೆ ಗೆದ್ದು ಬರಬೇಕು.

ವಿಶ್ವ ಚಾಂಪಿಯನ್ ಆದವರು ಮತ್ತೆ ಅರ್ಹತೆ ತೋರಿಸಬೇಕೇ? ಮೈಕಟ್ಟಿನ ಬಲಕ್ಕಿಂತ ಕಣ್ಣು, ಕೈ, ತಾಳ್ಮೆಗಳ ಆಟವಾದ ಸ್ನೂಕರ್‌ನಲ್ಲಿ ಹೆಣ್ಣು–ಗಂಡೆಂಬ ಭೇದವಾದರೂ ಏಕೆ? ಮೈಸೂರಿನ ಕ್ಲಬ್‌ಗಳಲ್ಲಿ ಸಂಜೆ ಕ್ಯೂ ಕೋಲು ಹಿಡಿಯುವವರಿಗೂ, ಮಗಳು ಈ ಆಟ ಕಲಿಯಲಿ ಎಂದು ಬಯಸುವ ಮಂಡ್ಯದ ಪೋಷಕರಿಗೂ ಈ ಪ್ರಶ್ನೆಗಳು ಒಂದೇ ರೀತಿ ಕಾಡುತ್ತವೆ. ಉತ್ತರಕ್ಕೆ ಮೊದಲು ಈ ಆಟದ ಆಡಳಿತವನ್ನು ಅರಿಯಬೇಕು.

ಎರಡು ವಿಶ್ವ ಕಿರೀಟಗಳು

ಸ್ನೂಕರ್‌ನಲ್ಲಿ 'ವಿಶ್ವ ಮಹಿಳಾ ಚಾಂಪಿಯನ್' ಎಂಬ ಪಟ್ಟವನ್ನು ಎರಡು ಬೇರೆ ಬೇರೆ ಸಂಸ್ಥೆಗಳು ಕೊಡುತ್ತವೆ. ಒಂದು, ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್, ಅಂದರೆ ಐಬಿಎಸ್‌ಎಫ್. ಇದು ಹವ್ಯಾಸಿ ಆಟದ ವಿಶ್ವ ಸಂಸ್ಥೆ. ನಮ್ಮ ರಾಷ್ಟ್ರೀಯ ಫೆಡರೇಷನ್ ತಂಡ ಕಳುಹಿಸುವುದು ಇಲ್ಲಿಗೆ. ಬೆಂಗಳೂರಿನ ಪಂಕಜ್ ಅಡ್ವಾಣಿ ರಾಶಿ ರಾಶಿ ವಿಶ್ವ ಪ್ರಶಸ್ತಿಗಳನ್ನು ಗೆದ್ದಿರುವುದೂ ಇಲ್ಲಿಯೇ. ಅನುಪಮಾ ಗೆದ್ದದ್ದು ಈ ಕಿರೀಟ.

ಇನ್ನೊಂದು, ವಿಶ್ವ ಮಹಿಳಾ ಸ್ನೂಕರ್ ಟೂರ್. ಇದು ವೃತ್ತಿಪರ ಆಟವನ್ನು ನಿಯಂತ್ರಿಸುವ ಬ್ರಿಟನ್ನಿನ ಡಬ್ಲ್ಯುಪಿಬಿಎಸ್‌ಎ ಸಂಸ್ಥೆಯ ನೆರಳಿನಲ್ಲಿ ನಡೆಯುತ್ತದೆ. ಇಂಗ್ಲೆಂಡಿನ ರಿಯಾನ್ ಎವಾನ್ಸ್ 12 ಬಾರಿ ಗೆದ್ದಿರುವುದು, ಚೀನಾದ ಬಾಯ್ ಯುಲು 2024 ಮತ್ತು 2025ರಲ್ಲಿ ಡಾಂಗ್ವಾನ್‌ನಲ್ಲಿ ಗೆದ್ದಿರುವುದು ಈ ಎರಡನೆಯ ಕಿರೀಟವನ್ನು. ಬೆಂಗಳೂರಿನಲ್ಲಿ ನೆಲೆಸಿ ಆಡಿದ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ಈ ಕಿರೀಟದ ಬಾಗಿಲವರೆಗೂ ಹೋಗಿ, ಇದೇ ಆನ್ ಯೀ ಎದುರು 6–5ರಿಂದ, ಕೊನೆಯ ಫ್ರೇಮಿನಲ್ಲಿ ಸೋತರು.

ಮಹಿಳೆಯರಿಗೆ ವೃತ್ತಿಪರ ಕಾರ್ಡ್‌ನ ನೇರ ದಾರಿ ಇರುವುದು ಈ ಮಹಿಳಾ ಟೂರ್‌ನಲ್ಲಿ ಮಾತ್ರ. ಐಬಿಎಸ್‌ಎಫ್‌ನ ಪುರುಷ ಚಾಂಪಿಯನ್‌ಗಳಿಗೆ ಹಲವು ವರ್ಷ ಟೂರ್ ಕಾರ್ಡ್ ದೊರೆತಿದೆ. ಅದೇ ಸಂಸ್ಥೆಯ ಮಹಿಳಾ ಚಾಂಪಿಯನ್‌ಗೆ ಆ ಸವಲತ್ತು ಇಲ್ಲ. ಇಡೀ ವಿವಾದದಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗಿರುವ, ಸಮರ್ಥಿಸಿಕೊಳ್ಳಲು ಅತ್ಯಂತ ಕಷ್ಟವಾದ ತಾರತಮ್ಯ ಇದು.

'ಪುರುಷರ ಟೂರ್' ಎಂಬುದು ಇಲ್ಲ

ವೃತ್ತಿಪರ ಸ್ನೂಕರ್ ಟೂರ್ ನಿಯಮದ ಪ್ರಕಾರ ಪುರುಷರದ್ದಲ್ಲ. ಅದು ಎಲ್ಲರಿಗೂ ಮುಕ್ತ. ಟೆನಿಸ್‌ನಲ್ಲಿರುವಂತೆ ಗಂಡಸರಿಗೊಂದು, ಹೆಂಗಸರಿಗೊಂದು ಸಮಾನಾಂತರ ವೃತ್ತಿಪರ ಸರ್ಕ್ಯೂಟ್ ಇಲ್ಲಿ ಇಲ್ಲ. ಸುಮಾರು 128 ಆಟಗಾರರ ಒಂದೇ ಟೂರ್ ಇದೆ. ಅದರೊಳಗೆ ಯಾರು ಬೇಕಾದರೂ ಬರಬಹುದು. ಬರುವ ದಾರಿ ಮಾತ್ರ ಕಿರಿದು.

ಸಾಮಾನ್ಯ ದಾರಿಯ ಹೆಸರು ಕ್ಯೂ ಸ್ಕೂಲ್. ಹೆಸರಿನಲ್ಲಿ ಸ್ಕೂಲ್ ಇದ್ದರೂ ಅಲ್ಲಿ ಪಾಠವಿಲ್ಲ, ಬರೀ ಪರೀಕ್ಷೆ. 2011ರಿಂದ ಪ್ರತಿವರ್ಷ ಬ್ರಿಟನ್ನಿನಲ್ಲಿ, 2022ರಿಂದ ಏಷ್ಯಾ–ಓಷಿಯಾನಿಯಾದವರಿಗೆ ಬ್ಯಾಂಕಾಕ್‌ನಲ್ಲಿಯೂ ನಡೆಯುವ ಈ ಟೂರ್ನಿಗಳಿಗೆ ಶುಲ್ಕ ಕಟ್ಟಿ ಯಾರೂ ಹೆಸರು ನೋಂದಾಯಿಸಬಹುದು. ಏಳು ಫ್ರೇಮ್‌ಗಳ ಪಂದ್ಯ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಒಂದು ಸೋಲು ಸಾಕು, ಆ ಟೂರ್ನಿ ಮುಗಿಯಿತು. ಬ್ರಿಟನ್ನಿನ ಒಂದೊಂದು ಟೂರ್ನಿಯ ಕೊನೆಯಲ್ಲಿ ಉಳಿಯುವ ನಾಲ್ವರಿಗೆ ಎರಡು ವರ್ಷದ ಕಾರ್ಡ್. ಬಹುಮಾನದ ಹಣವಿಲ್ಲ. ಪ್ರಯಾಣ, ಊಟ, ವಸತಿ ಎಲ್ಲವೂ ಆಟಗಾರರದ್ದೇ ಖರ್ಚು. ಹಿಂದಿನ ವರ್ಷ ಟೂರ್‌ನಿಂದ ಹೊರಬಿದ್ದ ಅನುಭವಿಗಳೂ ಅಲ್ಲಿಗೇ ಬರುತ್ತಾರೆ. ಟೆಲಿವಿಷನ್‌ನಲ್ಲಿ ಕಂಡ ಮುಖಗಳ ಎದುರು ಹದಿನೇಳರ ಹರೆಯದವರು ಆಡಬೇಕಾಗುತ್ತದೆ.

2011ರಿಂದ 2024ರವರೆಗೆ ಈ ದಾರಿಯಲ್ಲಿ ಗೆದ್ದು ಕಾರ್ಡ್ ಪಡೆದ ಮಹಿಳೆ ಒಬ್ಬರೂ ಇಲ್ಲ. ಈ ನಡುವೆ 2021ರಲ್ಲಿ ಆಡಳಿತ ಸಂಸ್ಥೆ ಪಕ್ಕದ ಬಾಗಿಲೊಂದನ್ನು ತೆರೆಯಿತು. ಮಹಿಳಾ ಟೂರ್‌ನ ವಿಶ್ವ ಚಾಂಪಿಯನ್‌ಗೆ ಒಂದು, ರ‍್ಯಾಂಕಿಂಗ್‌ನಲ್ಲಿ ಮುಂದಿರುವ ಇನ್ನೊಬ್ಬರಿಗೆ ಒಂದು ಎಂಬಂತೆ ಎರಡು ವರ್ಷದ ಕಾರ್ಡ್‌ಗಳನ್ನು ಮೀಸಲಿಟ್ಟಿತು. ಎವಾನ್ಸ್ ಮತ್ತು ಆನ್ ಯೀ ಮೊದಲು ಬಂದರು. ನಂತರ ಥಾಯ್ಲೆಂಡಿನ 'ಮಿಂಕ್' ನಟ್ಚರುತ್, ಇಂಗ್ಲೆಂಡಿನ ರೆಬೆಕಾ ಕೆನ್ನಾ, ಥಾಯ್ಲೆಂಡಿನ ಬೈಪಾಟ್, ಬಾಯ್ ಯುಲು ಆ ದಾರಿಯಲ್ಲಿ ಬಂದರು.

ಇದುವರೆಗಿನ ದಾಖಲೆ ಏನು ಹೇಳುತ್ತದೆ

ಈ ಬಾಗಿಲು ತೆರೆಯುವುದಕ್ಕೆ ಮುಂಚೆಯೂ ಪ್ರಯತ್ನಗಳಾಗಿವೆ. 1990ರ ದಶಕದ ಆರಂಭದಲ್ಲಿ ವೃತ್ತಿಪರ ಆಟವನ್ನು ಎಲ್ಲರಿಗೂ ತೆರೆದಾಗ ಏಳು ಬಾರಿಯ ಮಹಿಳಾ ವಿಶ್ವ ಚಾಂಪಿಯನ್ ಆಲಿಸನ್ ಫಿಶರ್ ಗಂಡಸರ ನಡುವೆ ಆಡಿದರು. 1995ರಲ್ಲಿ ಅವರು ಅಮೆರಿಕಕ್ಕೆ ಹೋಗಿ ನೈನ್ ಬಾಲ್ ಪೂಲ್ ಎಂಬ ಸೋದರ ಆಟ ಸೇರಿದರು. ಮಹಿಳೆಯರಿಗೆ ಅಲ್ಲಿ ಪ್ರತ್ಯೇಕ ವೃತ್ತಿಪರ ಟೂರ್ ಇತ್ತು, ಹಣವಿತ್ತು. ಕ್ಯಾರೆನ್ ಕೋರ್, ಕೆಲ್ಲಿ ಫಿಶರ್ ಅದೇ ಹಾದಿ ಹಿಡಿದರು. ಒಂದು ಪೀಳಿಗೆಯ ಅತ್ಯುತ್ತಮ ಆಟಗಾರ್ತಿಯರು ಸ್ನೂಕರ್ ಬಿಟ್ಟದ್ದು ಪ್ರತಿಭೆ ಸಾಲದೆ ಅಲ್ಲ, ಅದರಲ್ಲಿ ಬದುಕು ಕಟ್ಟಲಾಗದೆ.

ಎವಾನ್ಸ್ ಅವರಿಗೆ 2010ರಲ್ಲಿ ಒಂದು ಋತುವಿನ ಮಟ್ಟಿಗೆ ವೈಲ್ಡ್ ಕಾರ್ಡ್ ಸಿಕ್ಕಿತ್ತು. 2013ರಲ್ಲಿ ವೂಶಿ ಕ್ಲಾಸಿಕ್‌ನ ಅರ್ಹತಾ ಸುತ್ತಿನಲ್ಲಿ ಥಾಯ್ಲೆಂಡಿನ ಥೆಪ್‌ಚಾಯಾ ಉನ್‌ನೂ ಅವರನ್ನು 5–4ರಿಂದ ಸೋಲಿಸಿ, ರ‍್ಯಾಂಕಿಂಗ್ ಟೂರ್ನಿಯೊಂದರ ಪ್ರಧಾನ ಹಂತ ತಲುಪಿದ ಮೊದಲ ಮಹಿಳೆಯಾದರು. 2015ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಅರ್ಹತಾ ಪಂದ್ಯದಲ್ಲಿ 1997ರ ವಿಶ್ವ ಚಾಂಪಿಯನ್ ಕೆನ್ ಡೊಹರ್ಟಿ ಅವರಿಗೆ ಬೆವರಿಳಿಸಿ 10–8ರಿಂದ ಸೋತರು. 2017ರಲ್ಲಿ ಅದೇ ಅರ್ಹತಾ ಸುತ್ತಿನಲ್ಲಿ ಫಿನ್ಲೆಂಡಿನ ರಾಬಿನ್ ಹಲ್ ವಿರುದ್ಧ 10–8ರಿಂದ ಗೆದ್ದರು.

ಅಂದರೆ ಒಂದು ದಿನ, ಒಂದು ಪಂದ್ಯ ಎಂದರೆ ಮಹಿಳೆಯರು ಗೆಲ್ಲಬಲ್ಲರು. ಸಾಲಾಗಿ ಐದಾರು ಪಂದ್ಯ ಗೆಲ್ಲುವುದು, ಅದನ್ನು ವರ್ಷವಿಡೀ ಮಾಡುವುದು ಇನ್ನೂ ಆಗಿಲ್ಲ. ಮೀಸಲು ಕಾರ್ಡ್ ಪಡೆದವರ ಹೆಚ್ಚಿನ ಪಂದ್ಯಗಳು ಮೊದಲ ಸುತ್ತಿನ ಸೋಲಿನಲ್ಲೇ ಮುಗಿದಿವೆ. ಇದನ್ನು ಮುಚ್ಚಿಟ್ಟು ವಾದ ಮಾಡುವುದರಲ್ಲಿ ಅರ್ಥವಿಲ್ಲ. ಏಕೆ ಎಂದು ಕೇಳುವುದರಲ್ಲಿ ಅರ್ಥವಿದೆ.

ತೋಳ್ಬಲವೋ, ಟೇಬಲ್ ಮುಂದಿನ ಗಂಟೆಗಳೋ

ಸ್ನೂಕರ್ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಎತ್ತರ ಇರುವವರಿಗೆ ಮಧ್ಯದ ಚೆಂಡುಗಳು ಸುಲಭವಾಗಿ ಕೈಗೆಟಕುತ್ತವೆ. ಕುಳ್ಳಗಿರುವವರು ಹೆಚ್ಚು ಬಾರಿ ರೆಸ್ಟ್, ಅಂದರೆ ಕ್ಯೂಗೆ ಆಸರೆ ಕೊಡುವ ಉದ್ದ ಕೋಲು, ಬಳಸಬೇಕಾಗುತ್ತದೆ. ದೂರದ ಹೊಡೆತದಲ್ಲಿ ಬಿಳಿ ಚೆಂಡನ್ನು ಜೋರಾಗಿ ಹಿಂದಕ್ಕೆ ತರಲು ಭುಜದ ವೇಗ ಸಹಾಯಕ್ಕೆ ಬರುತ್ತದೆ. ಇಷ್ಟರ ಮಟ್ಟಿಗೆ ದೈಹಿಕ ಅಂತರ ಇದೆಯೆಂದು ಒಪ್ಪಬೇಕು. ಆದರೆ ಕುಳ್ಳಗಿನ ಪುರುಷ ಚಾಂಪಿಯನ್‌ಗಳೂ ಇದ್ದಾರೆ, ರೆಸ್ಟ್ ಕೋಲನ್ನು ಕಲೆಯನ್ನಾಗಿಸಿಕೊಂಡವರೂ ಇದ್ದಾರೆ. ಪೂಲ್‌ನಲ್ಲಿ ಮೊದಲ ಹೊಡೆತಕ್ಕೆ ಭಾರೀ ಬಲ ಬೇಕು. ಸ್ನೂಕರ್‌ನ ಮೊದಲ ಹೊಡೆತ ಅದಕ್ಕೆ ತದ್ವಿರುದ್ಧ, ಕೆಂಪು ಗುಂಪಿನ ಅಂಚನ್ನು ಸವರಿ ಬಿಳಿ ಚೆಂಡನ್ನು ಮರಳಿ ತರುವ ನಯದ ಕೆಲಸ. 2019ರಲ್ಲಿ ಬ್ಯಾಂಕಾಕ್‌ನಲ್ಲಿ ಅಭ್ಯಾಸ ಪಂದ್ಯವೊಂದರಲ್ಲಿ ಮಿಂಕ್ 147ರ ಗರಿಷ್ಠ ಬ್ರೇಕ್, ಅಂದರೆ ಒಂದೇ ಸರದಿಯ ಅತಿ ಹೆಚ್ಚು ಅಂಕ, ಬಾರಿಸಿದರು. 15 ಕೆಂಪು, 15 ಕಪ್ಪು, ಆಮೇಲೆ ಆರು ಬಣ್ಣದ ಚೆಂಡುಗಳು, ಒಂದೂ ತಪ್ಪದೆ. ಕೈಯಲ್ಲಿ ಆಗದ್ದು ಏನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಿದ್ದರೆ ಅಂತರ ಎಲ್ಲಿಂದ ಬಂತು? ಮೊದಲ ಕಾರಣ ಸಂಖ್ಯೆ. ಒಂದೇ ಹೋಬಳಿಯ ಶಾಲೆಗಳಿಂದ ಆರಿಸಿದ ಅತಿ ವೇಗದ ಓಟಗಾರನಿಗಿಂತ ಇಡೀ ರಾಜ್ಯದಿಂದ ಆರಿಸಿದವನು ವೇಗವಾಗಿ ಓಡುತ್ತಾನೆ. ಹೋಬಳಿಯ ಮಕ್ಕಳ ಕಾಲು ದುರ್ಬಲ ಎಂದು ಅದಕ್ಕೆ ಅರ್ಥವಲ್ಲ. ಕ್ಯೂ ಹಿಡಿದ ಗಂಡುಮಕ್ಕಳ ಎದುರು ಹೆಣ್ಣುಮಕ್ಕಳ ಸಂಖ್ಯೆ ತೀರಾ ಕಡಿಮೆ. ಹಾಗಾಗಿ ತುದಿಯಲ್ಲಿ ನಿಲ್ಲುವವರ ನಡುವಿನ ಅಂತರ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಬೇಲಿ. ಬ್ರಿಟನ್ನಿನಲ್ಲಿ ಈ ಆಟ ಬೆಳೆದದ್ದು ಕಾರ್ಮಿಕರ ಕ್ಲಬ್‌ಗಳಲ್ಲಿ. 1978ರಲ್ಲಿ ವೇಕ್‌ಫೀಲ್ಡ್‌ನ ಕ್ಲಬ್ ಒಂದರಲ್ಲಿ ಷೀಲಾ ಕ್ಯಾಪ್‌ಸ್ಟಿಕ್ ಅವರಿಗೆ ಹೆಣ್ಣೆಂಬ ಕಾರಣಕ್ಕೇ ಸ್ನೂಕರ್ ಆಡದಂತೆ ತಡೆದಾಗ, ಅದು ದೇಶವ್ಯಾಪಿ ಚಳವಳಿಯಾಯಿತು. ಆ ಕ್ಲಬ್‌ಗಳ ಒಕ್ಕೂಟ ಮಹಿಳೆಯರಿಗೆ ಸಮಾನ ಸದಸ್ಯತ್ವ ಒಪ್ಪಿದ್ದು 2007ರಲ್ಲಿ. 2019ರಲ್ಲೂ ರೆಬೆಕಾ ಕೆನ್ನಾ ತಮ್ಮ ಊರಿನ ಲೀಗ್ ಬಿಡಬೇಕಾಯಿತು; ಆ ಲೀಗ್‌ನ ಕೆಲವು ಕ್ಲಬ್‌ಗಳು ಹೆಂಗಸರಿಗೆ ಪ್ರವೇಶ ಕೊಡುತ್ತಿರಲಿಲ್ಲ.

ಸ್ನೂಕರ್‌ನಲ್ಲಿ ಆಟ ಕೂಡುವುದು ಎಂಟರಿಂದ ಹದಿನೆಂಟರ ವಯಸ್ಸಿನ ನಡುವೆ, ಬಲ್ಲವರ ಜೊತೆ ಗಂಟೆಗಟ್ಟಲೆ ಆಡುವುದರಿಂದ. ಪಾಟ್ ಮಾಡುವುದನ್ನು, ಅಂದರೆ ಚೆಂಡನ್ನು ಪಾಕೆಟ್‌ಗೆ ಬೀಳಿಸುವುದನ್ನು, ಒಬ್ಬರೇ ಅಭ್ಯಾಸ ಮಾಡಬಹುದು. ಸೇಫ್ಟಿ ಆಟವನ್ನು, ಅಂದರೆ ಎದುರಾಳಿಗೆ ಹೊಡೆಯಲು ಏನೂ ಸಿಗದಂತೆ ಬಿಳಿ ಚೆಂಡನ್ನು ಅಡಗಿಸಿಡುವ ಕಲೆಯನ್ನು, ನಮಗಿಂತ ಗಟ್ಟಿಗರ ಕೈಯಲ್ಲಿ ಸೋತೇ ಕಲಿಯಬೇಕು. ಆ ಗಟ್ಟಿಗರು ಕೂಡುವ ಕೋಣೆಗೆ ಬಾಲಕಿಗೆ ಪ್ರವೇಶವಿಲ್ಲದಿದ್ದರೆ, ಇಪ್ಪತ್ತರ ಹೊತ್ತಿಗೆ ಅವಳ ಪಾಟಿಂಗ್ ಚೆನ್ನಾಗಿರುತ್ತದೆ, ಸೇಫ್ಟಿ ತೆಳುವಾಗಿರುತ್ತದೆ. ವೃತ್ತಿಪರ ಟೂರ್‌ನಲ್ಲಿ ಮಹಿಳೆಯರು ಫ್ರೇಮ್‌ಗಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಅದರ ಮೇಲೆ, ಟೂರ್‌ನ ಟೇಬಲ್‌ಗಳ ಬಟ್ಟೆ ವೇಗದ್ದು, ಪಾಕೆಟ್‌ಗಳು ಬಿಗಿ. ಸಾಧಾರಣ ಕ್ಲಬ್ಬಿನ ಸಡಿಲ ಪಾಕೆಟ್‌ನಲ್ಲಿ ಬೀಳುವ ಚೆಂಡು ಅಲ್ಲಿ ಬಾಯಿಗೆ ತಾಗಿ ಹೊರಗೆ ಉಳಿಯುತ್ತದೆ.

ಮೀಸಲು ಕಾರ್ಡ್: ಎರಡೂ ಕಡೆಯ ವಾದ

ವಿರೋಧಿಸುವವರ ಮಾತು ಸರಳ. ಟೂರ್‌ನಲ್ಲಿ ಸ್ಥಾನಗಳು ಎಣಿಕೆಯವು. ಒಂದು ಕಾರ್ಡ್ ಮೀಸಲಾದರೆ ಕ್ಯೂ ಸ್ಕೂಲ್‌ನಲ್ಲಿ ಕೊನೆಯ ಪಂದ್ಯದಲ್ಲಿ ಸೋತ ಯುವಕನೊಬ್ಬನಿಗೆ ಆ ಸ್ಥಾನ ತಪ್ಪುತ್ತದೆ. ಅವನು ಹೆಚ್ಚು ಸಮರ್ಥನಿರಬಹುದು. ಮೇಲಾಗಿ, ಸಿದ್ಧತೆ ಸಾಲದೆ ಮೇಲಕ್ಕೆ ಹೋದವರು ಸಾಲು ಸಾಲು ಸೋಲು ಕಂಡು ಆತ್ಮವಿಶ್ವಾಸ ಕಳೆದುಕೊಳ್ಳುತ್ತಾರೆ, ನೋಡುವವರ ಮನಸ್ಸಿನಲ್ಲೂ ಮಹಿಳೆಯರ ಆಟದ ಬಗ್ಗೆ ಹಗುರ ಭಾವನೆ ಮೂಡುತ್ತದೆ. ಈ ಎರಡನೆಯ ಅಂಶವನ್ನು ತಳ್ಳಿಹಾಕುವಂತಿಲ್ಲ.

ಮೊದಲನೆಯದು ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಎಲ್ಲ ಕಾರ್ಡ್‌ಗಳೂ ಕ್ಯೂ ಸ್ಕೂಲ್‌ನಲ್ಲೇ ಗಳಿಸಿದವಲ್ಲ. ಖಂಡವಾರು ಚಾಂಪಿಯನ್‌ಗಳಿಗೆ ಕಾರ್ಡ್ ಇದೆ. ಆಫ್ರಿಕಾದ ಚಾಂಪಿಯನ್ ಚೀನಾದ ಹತ್ತನೆಯ ಆಟಗಾರನಿಗಿಂತ ಬಲಶಾಲಿಯೇ ಎಂದು ಯಾರೂ ಕೇಳುವುದಿಲ್ಲ. ಆಟ ಹೊಸ ನೆಲದಲ್ಲಿ ಬೇರೂರಲಿ ಎಂಬುದು ಅದರ ಉದ್ದೇಶ. ಜಿಮ್ಮಿ ವೈಟ್, ಕೆನ್ ಡೊಹರ್ಟಿ, ಸ್ಟೀಫನ್ ಹೆಂಡ್ರಿ ಅವರಂತಹ ಹಿರಿಯರಿಗೆ ಹಳೆಯ ಕೀರ್ತಿಯ ಮೇಲೆ ಆಹ್ವಾನದ ಕಾರ್ಡ್‌ಗಳು ಸಿಕ್ಕಿವೆ. ನಿನ್ನೆಯ ಚಾಂಪಿಯನ್‌ಗೆ ಕೊಡಬಹುದಾದರೆ ಇಂದಿನ ಮಹಿಳಾ ಚಾಂಪಿಯನ್‌ಗೆ ಕೊಡುವುದರಲ್ಲಿ ಅನ್ಯಾಯ ಎಲ್ಲಿದೆ?

ಹಲಗೆಗೆ ಪುಟ್ಟ ಬಾಣ ಎಸೆಯುವ ಡಾರ್ಟ್ಸ್ ಆಟದ ಉದಾಹರಣೆಯನ್ನೂ ಇಲ್ಲಿ ನೋಡಬೇಕು. 2019ರ ಡಿಸೆಂಬರ್‌ನಲ್ಲಿ ಫಾಲನ್ ಷೆರಾಕ್ ವೃತ್ತಿಪರ ಡಾರ್ಟ್ಸ್ ಸಂಸ್ಥೆ ಪಿಡಿಸಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದರು, ಆ ಬೆನ್ನಿಗೇ ಇನ್ನೊಂದನ್ನೂ ಗೆದ್ದರು. ಅವರು ಅಲ್ಲಿಗೆ ಬಂದದ್ದು ಮಹಿಳೆಯರಿಗಾಗಿ ಇಟ್ಟ ಅರ್ಹತಾ ಟೂರ್ನಿಯ ಮೂಲಕ. 2020ರ ಆರಂಭದಲ್ಲಿ ಲೀಸಾ ಆಷ್ಟನ್ ಡಾರ್ಟ್ಸ್‌ನ ಕ್ಯೂ ಸ್ಕೂಲ್‌ನಲ್ಲಿಯೇ, ಯಾವ ಮೀಸಲೂ ಇಲ್ಲದೆ, ಕಾರ್ಡ್ ಗೆದ್ದರು. ದೊಡ್ಡ ವೇದಿಕೆಯಲ್ಲಿ ಮಹಿಳೆಯರಿಗೆ ಸ್ಥಾನ ಇಟ್ಟದ್ದರಿಂದ ಆ ಆಟದ ಮಟ್ಟ ಇಳಿಯಲಿಲ್ಲ.

ಎರಡು ವರ್ಷದ ಲೆಕ್ಕ

ಕಾರ್ಡ್ ಸಿಕ್ಕಿದ ಮೇಲೆ ಏನಾಗುತ್ತದೆ ಎಂಬುದು ಹೆಚ್ಚು ಗಂಭೀರ ಸಂಗತಿ. ಟೂರ್‌ನ ರ‍್ಯಾಂಕಿಂಗ್ ನಿರ್ಧಾರವಾಗುವುದು ಎರಡು ವರ್ಷಗಳಲ್ಲಿ ಗಳಿಸಿದ ಬಹುಮಾನದ ಹಣದಿಂದ. ಹೊಸಬರು ಸೊನ್ನೆಯಿಂದ ಆರಂಭಿಸುತ್ತಾರೆ. ಅವಧಿ ಮುಗಿದಾಗ ಮೊದಲ 64ರೊಳಗೆ ಇದ್ದವರು ಉಳಿಯುತ್ತಾರೆ. ಬಹುತೇಕ ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲಿ ಸೋತವರಿಗೆ ಬಿಡಿಗಾಸೂ ಇಲ್ಲ. ಹಲವು ವರ್ಷ ಟೂರ್ನಿಗಳ ಡ್ರಾ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹೇಗಿತ್ತೆಂದರೆ, ಪಟ್ಟಿಯ ಕೆಳಗಿನ ಅರ್ಧದವರಿಗೆ ಮೊದಲ ಪಂದ್ಯದಲ್ಲೇ ಮೇಲಿನ ಅರ್ಧದವರು ಎದುರಾಗುತ್ತಿದ್ದರು. ಸೊನ್ನೆಯಲ್ಲಿರುವ ಆಟಗಾರ್ತಿಗೆ ಎದುರಾಳಿ ಬಲಶಾಲಿ, ಸೋತರೆ ಹಣವಿಲ್ಲ, ಹಣವಿಲ್ಲದಿದ್ದರೆ ರ‍್ಯಾಂಕ್ ಇಲ್ಲ, ರ‍್ಯಾಂಕ್ ಇಲ್ಲದಿದ್ದರೆ ಮುಂದಿನ ಟೂರ್ನಿಯಲ್ಲೂ ಅದೇ ಕಥೆ. ಈ ಸುಳಿಗೆ ಸಿಕ್ಕಿದ ಹೊಸ ಗಂಡುಹುಡುಗರೂ ಎಷ್ಟೋ ಮಂದಿ.

2022–23ರ ಋತುವಿನಲ್ಲಿ ಟೂರ್ ಪ್ರತಿ ಆಟಗಾರರಿಗೆ 20,000 ಪೌಂಡ್‌ನ ಖಾತರಿ ಗಳಿಕೆಯನ್ನು ತಂದಿತು. ಇತ್ತೀಚೆಗೆ ಕೆಲವು ಟೂರ್ನಿಗಳಲ್ಲಿ ಕೆಳಗಿನವರು ಮೊದಲು ತಮ್ಮತಮ್ಮಲ್ಲೇ ಆಡಿ, ಗೆದ್ದವರು ಮೇಲಿನವರನ್ನು ಎದುರಿಸುವ ಹಂತ ಹಂತದ ಡ್ರಾ ಬಂದಿದೆ. ಮಹಿಳೆಯರಿಗಾಗಿಯೇ ಮಾಡಿದ ಬದಲಾವಣೆಗಳಲ್ಲ ಇವು. ಆದರೂ ಮೀಸಲು ಕಾರ್ಡ್‌ಗಿಂತ ಹೆಚ್ಚು ನೆರವಾಗಬಲ್ಲವು ಇವೇ ಎಂದು ನನ್ನ ನಂಬಿಕೆ. ಏಕೆಂದರೆ ತಮ್ಮ ಮಟ್ಟದವರ ಜೊತೆ ಗೆದ್ದು ಸೋತು ಕಲಿಯುವ ಅವಕಾಶ ಇಲ್ಲಿದೆ.

ಭಾರತದಿಂದ ಹೋಗುವವರಿಗೆ ಇನ್ನೊಂದು ಹೊರೆ. ಅರ್ಹತಾ ಪಂದ್ಯಗಳು ಹೆಚ್ಚಾಗಿ ಇಂಗ್ಲೆಂಡಿನಲ್ಲಿ. ಅಲ್ಲೇ ಮನೆ ಮಾಡಬೇಕು, ವೀಸಾ ಬೇಕು, ಚಳಿಗಾಲ ಕಳೆಯಬೇಕು. ಪಂಕಜ್ ಅಡ್ವಾಣಿಯಂಥವರೇ 2012ರಲ್ಲಿ ಟೂರ್ ಸೇರಿ 2014ರಲ್ಲಿ ಬಿಟ್ಟು ಬಂದರು. ಮುಂಬೈನ ಆದಿತ್ಯ ಮೆಹ್ತಾ 2013ರ ಇಂಡಿಯನ್ ಓಪನ್ ಫೈನಲ್ ತಲುಪಿದ್ದು ದೆಹಲಿಯಲ್ಲಿ, ತವರಿನ ಪ್ರೇಕ್ಷಕರ ಎದುರು. ಪ್ರಾಯೋಜಕರಿಲ್ಲದ ಆಟಗಾರ್ತಿಗೆ ಕಾರ್ಡ್ ಎಂಬುದು ಗೌರವವೂ ಹೌದು, ಸಾಲದ ಚೀಟಿಯೂ ಹೌದು.

ಮೈಸೂರು, ಮಂಡ್ಯದಿಂದ ನೋಡಿದರೆ

ಈ ಆಟ ನಮಗೆ ಪರದೇಶದ್ದಲ್ಲ. 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ ಹುಟ್ಟಿದ ಸ್ನೂಕರ್‌ಗೆ ನಿಯಮಗಳು ಗಟ್ಟಿಯಾದದ್ದು ಊಟಿಯ ಕ್ಲಬ್‌ನಲ್ಲಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಅದು ಅರ್ಧ ದಿನದ ದಾರಿಯೂ ಅಲ್ಲ. ಮಹಿಳಾ ಬಿಲಿಯರ್ಡ್ಸ್‌ನಲ್ಲಿ ಕರ್ನಾಟಕ ವಿಶ್ವಕ್ಕೇ ಮುಂದಿತ್ತು. ಬೆಂಗಳೂರಿನ ಚಿತ್ರಾ ಮಗಿಮೈರಾಜ್ 2006 ಮತ್ತು 2007ರಲ್ಲಿ, ರಾಜ್ಯದ ತೋಟಗಾರಿಕೆ ಇಲಾಖೆಯ ಉದ್ಯೋಗಿ ಆರ್. ಉಮಾದೇವಿ 2012ರಲ್ಲಿ ವಿಶ್ವ ಬಿಲಿಯರ್ಡ್ಸ್ ಕಿರೀಟ ಗೆದ್ದರು. ಕಚೇರಿ ಕೆಲಸ ಮುಗಿಸಿ ಟೇಬಲ್ ಬಳಿ ಬರುತ್ತಿದ್ದ ಉಮಾದೇವಿಯವರಿಗೆ ರಾಜ್ಯ ಸಂಸ್ಥೆಯ ಟೇಬಲ್‌ಗಳು ತಮ್ಮ ಊರಿನಲ್ಲೇ ಇದ್ದವು ಎಂಬುದನ್ನು ಮರೆಯಬಾರದು.

ಈ ಹೆಸರುಗಳೆಲ್ಲ ಬೆಂಗಳೂರಿನವು. ಮೈಸೂರಿನಲ್ಲಿ ಟೇಬಲ್‌ಗಳು ಇರುವುದು ಎರಡು ಕಡೆ: ಸದಸ್ಯತ್ವದ ಕ್ಲಬ್‌ಗಳಲ್ಲಿ ಮತ್ತು ಗಂಟೆಗೆ ಇಷ್ಟು ಎಂದು ಹಣ ಪಡೆಯುವ ಪಾರ್ಲರ್‌ಗಳಲ್ಲಿ. ಕ್ಲಬ್‌ಗೆ ಅಪ್ಪ ಸದಸ್ಯರಾಗಿರಬೇಕು. ಪಾರ್ಲರ್ ಎಂದರೆ ನೆಲಮಾಳಿಗೆಯದೋ ಮೂರನೆಯ ಮಹಡಿಯದೋ ಕೋಣೆ, ರಾತ್ರಿ ಹೊತ್ತಿನ ಆಟ, ಸಿಗರೇಟಿನ ಹೊಗೆ ಎಂಬ ಚಿತ್ರ ಪೋಷಕರ ಮನಸ್ಸಿನಲ್ಲಿ ಕೂತಿದೆ. ಹದಿಮೂರರ ಮಗಳನ್ನು ಅಲ್ಲಿಗೆ ಒಬ್ಬಳನ್ನೇ ಕಳುಹಿಸುವವರು ವಿರಳ. ಮಂಡ್ಯದ ಹುಡುಗಿಗೆ ಮೈಸೂರು ಸುಮಾರು 45 ಕಿಲೋಮೀಟರ್, ಬೆಂಗಳೂರು ನೂರು. ಎಕ್ಸ್‌ಪ್ರೆಸ್‌ವೇ ಬಂದು ಪ್ರಯಾಣದ ಸಮಯ ಇಳಿದಿದೆ ನಿಜ, ಆದರೆ ಶಾಲೆ ಮುಗಿಸಿ ದಿನವೂ ಹೋಗಿಬರುವ ದೂರ ಅದಲ್ಲ.

ಪೂರ್ಣ ಅಳತೆಯ ಟೇಬಲ್ ಲಕ್ಷಗಟ್ಟಲೆ ಬೆಲೆಯದ್ದು, ಮನೆಯಲ್ಲಿ ಇಡಲಾಗದ್ದು. ಕ್ರಿಕೆಟ್ ಬ್ಯಾಟಿನಂತೆ ಕೊಂಡು ಬೀದಿಯಲ್ಲಿ ಕಲಿಯಲು ಬರುವುದಿಲ್ಲ. ಮೈಸೂರಿನ ಶುಭಾ ಸತೀಶ್ 2023ರಲ್ಲಿ ಭಾರತದ ಪರ ಟೆಸ್ಟ್ ಆಡಿ, ಮೊದಲ ಇನಿಂಗ್ಸ್‌ನಲ್ಲೇ ಅರ್ಧಶತಕ ಹೊಡೆದರು. ಆ ಆಟದಲ್ಲಿ ಹೆಣ್ಣುಮಕ್ಕಳಿಗೆ ಶಿಬಿರ, ವಯೋಮಿತಿ ತಂಡ, ವಲಯ ಪಂದ್ಯ ಎಂಬ ಮೆಟ್ಟಿಲುಗಳಿವೆ. ಸ್ನೂಕರ್‌ನಲ್ಲಿ ತುದಿಯ ಬಾಗಿಲು ತೆರೆದಿದೆ. ಕೆಳಗಿನ ಮೆಟ್ಟಿಲುಗಳೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲದಿರುವುದರಿಂದ ಸರ್ಕಾರದ ಹಣವೂ ಈ ಕಡೆ ಹರಿಯುವುದು ಕಡಿಮೆ.

ಮುಂದೆ ಆಗಬಹುದಾದದ್ದು

ಕಾರ್ಡ್ ಪದ್ಧತಿ ಸದ್ಯಕ್ಕೆ ಮುಂದುವರಿಯುವ ಸಾಧ್ಯತೆಯೇ ಹೆಚ್ಚು. ಅದನ್ನು ತೆಗೆದರೆ ಮಹಿಳಾ ಟೂರ್‌ಗೆ ಇರುವ ದೊಡ್ಡ ಆಕರ್ಷಣೆಯೇ ಹೋಗುತ್ತದೆ. ಚೀನಾ ಮತ್ತು ಥಾಯ್ಲೆಂಡ್ ಬಾಲಕಿಯರನ್ನು ಚಿಕ್ಕಂದಿನಲ್ಲೇ ತಯಾರು ಮಾಡುತ್ತಿರುವುದರಿಂದ ಮುಂದಿನ ಕಾರ್ಡ್‌ಗಳು ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. ಇಂಗ್ಲೆಂಡಿನ ಹಿಡಿತ ಈಗಾಗಲೇ ಸಡಿಲವಾಗಿದೆ. 2023ರಲ್ಲಿ ಬ್ಯಾಂಕಾಕ್‌ನ ಮಹಿಳಾ ವಿಶ್ವಕಪ್ ತಂಡ ಸ್ಪರ್ಧೆಯಲ್ಲಿ ಅಮೀ ಕಮಾನಿ ಮತ್ತು ಅನುಪಮಾ ಇಂಗ್ಲೆಂಡಿನ ಎವಾನ್ಸ್–ಕೆನ್ನಾ ಜೋಡಿಯನ್ನು 4–3ರಿಂದ ಸೋಲಿಸಿದ್ದು ಭಾರತವೂ ಆ ಸಾಲಿನಲ್ಲಿ ನಿಲ್ಲಬಲ್ಲದು ಎಂಬುದನ್ನು ತೋರಿಸಿದೆ.

ಭಾರತೀಯ ಫೆಡರೇಷನ್ ಮೊದಲು ಕೇಳಬೇಕಾದದ್ದು, ಐಬಿಎಸ್‌ಎಫ್ ಮಹಿಳಾ ಚಾಂಪಿಯನ್‌ಗೂ ಕಾರ್ಡ್ ಕೊಡಬೇಕೆಂದು. ಅದು ಆಗದಿದ್ದರೆ ಕನಿಷ್ಠ ಕ್ಯೂ ಟೂರ್‌ನಲ್ಲಿ, ಅಂದರೆ 2021ರಿಂದ ನಡೆಯುತ್ತಿರುವ ಎರಡನೆಯ ಹಂತದ ಸರ್ಕ್ಯೂಟ್‌ನಲ್ಲಿ, ಖಾತರಿ ಸ್ಥಾನ ಕೊಡಬೇಕೆಂದು. ಕ್ಯೂ ಸ್ಕೂಲ್‌ಗೆ ನೇರ ಜಿಗಿಯುವುದಕ್ಕಿಂತ ಒಂದು ವರ್ಷ ಆ ಮಟ್ಟದಲ್ಲಿ ಆಡಿದವರು ಬಲವಾಗಿ ಬರುತ್ತಾರೆ. ಇಲ್ಲಿ ನಮ್ಮಲ್ಲಿ ಆಗಬೇಕಾದ ಕೆಲಸ ಇನ್ನೂ ಸಣ್ಣದು. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲೋ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲೋ ಎರಡು ಟೇಬಲ್ ಹಾಕಿ, ಸಂಜೆ ನಾಲ್ಕರಿಂದ ಏಳರವರೆಗೆ ಬಾಲಕಿಯರಿಗೆ ಮೀಸಲಿಟ್ಟು, ಊರಿನ ಹಿರಿಯ ಆಟಗಾರರನ್ನು ಅವರ ಜೊತೆ ಆಡಲು ಕರೆದರೆ, ಆ ವೆಚ್ಚ ಕ್ರೀಡಾ ಇಲಾಖೆಗೆ ಭಾರವಾಗದು. ಖಾಸಗಿ ಕ್ಲಬ್‌ಗಳೂ ಮಧ್ಯಾಹ್ನ ಖಾಲಿ ಇರುವ ಟೇಬಲ್‌ಗಳನ್ನು ಶಾಲಾ ಬಾಲಕಿಯರಿಗೆ ಬಿಟ್ಟುಕೊಡಬಹುದು; ಇದಕ್ಕೆ ಬೈಲಾ ತಿದ್ದುವ ಅಗತ್ಯವೂ ಇಲ್ಲ, ಕಾರ್ಯಕಾರಿ ಸಮಿತಿಯ ಒಂದು ನಿರ್ಣಯ ಸಾಕು.